ಟವೆಲ್ಲಿನ ಕೆಳಗಿನ ಕೈ

ಟವೆಲ್ಲಿನ ಮರೆಯಲ್ಲಿ ಏಲಕ್ಕಿ ವ್ಯಾಪಾರಿ ಅಬ್ದುಲ್ ವಹಾಬ್ ಸಾಹೇಬರು ತಮ್ಮ ವಕೀಲ ಶಾಂತವೀರಪ್ಪನ ಮೂರು ಬೆರಳು ಹಿಡಿದು ಒತ್ತಿ, ಏನೂ ಆಗದವರಂತೆ ಪಕ್ಕಕ್ಕೆ ಸರಿದರು. ಹೀಗೆ ಮಾಡಿ ತೋರಿಸುತ್ತೇವೆ ಎಂದವನು ಶಾಂತವೀರಪ್ಪನೇ. ಸಕಲೇಶಪುರದ ಏಲಕ್ಕಿ ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ಒಂದೇ ದರ ಕೊಡುತ್ತಾರೆಂದು ಹಾನುಬಾಳಿನ ಬೆಳೆಗಾರರು ದೂರು ಕೊಟ್ಟಿದ್ದರು. "ದರ ಬಾಯಲ್ಲಿ ಹೇಳೋದೇ ಇಲ್ಲ ಸ್ವಾಮಿ, ಟವೆಲ್ಲಿನಡಿ ಬೆಳೆಗಾರನ ಬೆರಳು ಹಿಡೀತಾರೆ, ಹಿಡಿದ ಬೆರಳಿನ ಲೆಕ್ಕವೇ ದರ. ಒಬ್ಬನ ದರ ಇನ್ನೊಬ್ಬನಿಗೆ ಹೇಗೆ ಗೊತ್ತಾಗ್ಬೇಕು?" ಎಂದು ಶಾಂತವೀರಪ್ಪ ವಿಚಾರಣಾಧಿಕಾರಿಯ ಮುಂದೆ ವಾದಿಸಿ, ಬೆಳೆಗಾರನ ಜಾಗದಲ್ಲಿ ತಾನೇ ಕೈಯೊಡ್ಡಿದ್ದ.

ಹೊರಗೆ ಕಾದಿದ್ದ ಎರಡನೆಯ ವ್ಯಾಪಾರಿ ತಾಜುದ್ದೀನ್ ಒಳಗೆ ಬಂದ. ತಟ್ಟೆಯ ಏಲಕ್ಕಿ ಮೂಸಿ, ಮೂರು ಬೆರಳು ಹಿಡಿದ. ಮೂರನೆಯವನಾಗಿ ಬಂದ ಪುಟ್ಟಸ್ವಾಮಿ ಏಲಕ್ಕಿಯ ಕಡೆ ನೋಡಲೂ ಇಲ್ಲ. ಅವನದೂ ಮೂರೇ. ಶಾಂತವೀರಪ್ಪ ಮರೆಯಲ್ಲೇ ತನ್ನ ಬೆರಳುಗಳನ್ನು ಮತ್ತೆ ಎಣಿಸಿಕೊಂಡ. ಇವರಿಗೆ ಕೇಸೇ ಮರೆತುಹೋಯಿತೋ, ಇಲ್ಲಾ ತನಗೇ ಲೆಕ್ಕ ತಪ್ಪಿತೋ?

"ಬ್ಯಾರೆ ಬ್ಯಾರೆ ಹಿಡೀರಿ ಅಂತ ನೀವು ಹೇಳ್ಲೇ ಇಲ್ವಲ್ಲ ಸ್ವಾಮಿ," ಪುಟ್ಟಸ್ವಾಮಿ ಅವನ ಕಿವಿಯಲ್ಲಿ ಉಸುರಿದ.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. "ನನಗಂತೂ ಏನೂ ಕಾಣಲಿಲ್ಲ. ನೀವೇ ಹೇಳಿ ವಕೀಲರೇ, ಯಾರ್‍ಯಾರು ಎಷ್ಟೆಷ್ಟು ಬೆರಳು ಹಿಡಿದರು?"

ಇಂಥ ವ್ಯಾಪಾರಿಗಳ ಪರ ನಿಂತು ಇಪ್ಪತ್ತು ವರ್ಷ ಎದುರು ಸಾಕ್ಷಿಗಳ ಬಾಯಿ ಮುಚ್ಚಿಸಿದ್ದ ಶಾಂತವೀರಪ್ಪ, ಟವೆಲ್ಲಿನಡಿಯಿಂದ ತನ್ನ ಕೈಯನ್ನು ಈಚೆ ತೆಗೆಯಲೇ ಇಲ್ಲ.