ಕಡೆಯ ಗದ್ದೆಗೆ ಬಂದ ನೀರು

ಇಷ್ಟು ವರ್ಷ ಕಳೆದು ತೊಂಬತ್ತರ ದಶಕ ಬಂದರೂ, ಮನೆಯ ವಾಟರ್ ಟ್ಯಾಂಕ್ ತೊಳೆಯುವಾಗ ಏಳುವ ಹೂಳಿನ ವಾಸನೆಗೆ ನಾನು ಮತ್ತೆ ಹತ್ತು ವರ್ಷದವಳಾಗುತ್ತೇನೆ.

ಕಾನ್ವೆಂಟಿಗೆ ರಜೆ ಸಿಕ್ಕಿ ಬಾಬುರಾಯನಕೊಪ್ಪಲಿನ ತಾತನ ಮನೆಗೆ ಬಂದಿದ್ದೆ. ನಾಲೆಯಲ್ಲಿ ಹೂಳು ತುಂಬಿ ನೀರು ನಿಂತರೆ, ಮನೆಗೊಬ್ಬರು ಹೋಗಿ ಕೂಲಿಯಿಲ್ಲದೆ ಅದನ್ನು ಎತ್ತುವುದು ಊರ ಪದ್ಧತಿ. ತಾತನ ಕಾಲು ಮುರಿದಿತ್ತು. ಅವರ ಬದಲು ಫ್ರಾಕ್, ಬೂಟು ತೊಟ್ಟುಕೊಂಡೇ ನಾನು ಹೋದೆ.

“ಇಂಗ್ಲಿಸ್ ಮಿಸ್ಸು ಬಂದ್ಬುಟ್ರು! ಬೂಟು ಬುಚ್ಚವ್ವಾ,” ಎಂದು ಹೆಂಗಸರು ನಕ್ಕರು.

“ಆಮೇಲೆ ನಗಾಡ್ರಮ್ಮಿ. ಇವತ್ತು ನೀರು ಬರ್ನಿಲ್ಲ ಅಂದ್ರೆ ನನ್ನ ಪೈರು ಒಣಗೋಯ್ತದೆ,” ಎಂದಳು ಕೆಂಪಮ್ಮ. ನಾಲೆಯ ಕಟ್ಟಕಡೆಯ ಗದ್ದೆ ಅವಳದು; ಗಂಡನಿಲ್ಲದ ಮನೆಗೆ ಅದೊಂದೇ ಅನ್ನ.

ಬೆಣ್ಣೆಯಂತೆ ನುಣುಪಾದ ತಣ್ಣನೆಯ ಕೆಸರನ್ನು ಬಾಂಡ್ಲಿಯಲ್ಲಿ ಹೊತ್ತು ಹೊತ್ತು ನನ್ನ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಇಳಿಹೊತ್ತಿಗೆ ತೂಬು ಎತ್ತಿದರು. ನೊರೆ, ಒಣಹುಲ್ಲು ತಳ್ಳಿಕೊಂಡು ನೀರು ಮೆಲ್ಲಗೆ ಬಂತು. ಅದರ ಜೊತೆಜೊತೆಗೇ ನಾವೆಲ್ಲ ನಡೆದೆವು. ಕೆಂಪಮ್ಮನ ಗದ್ದೆಯ ಬಿರುಕುಗಳಿಗೆ ನೀರು ಇಳಿದಾಗ ಮಣ್ಣು ಸೊಯ್ಯೆಂದು ಉಸಿರುಬಿಟ್ಟಿತು.

“ನೀರು ಮುಟ್ಟು ಮಗ. ಇದ್ರಲ್ಲಿ ನಿನ್ ಕೈಯೂ ಅದೆ,” ಎಂದಳು ಕೆಂಪಮ್ಮ.

ಚಾಪೆಲ್‌ನಲ್ಲಿ ಪ್ರೇಯರ್ ಎಂದರೆ ಕಣ್ಣು ಮುಚ್ಚಿ ಅಭ್ಯಾಸವಾಗಿದ್ದವಳು ನಾನು. ಆ ಗದ್ದೆಯ ಬದುವಿನಲ್ಲಿ ರೆಪ್ಪೆ ಬಡಿಯಲೂ ಮನಸ್ಸಾಗಲಿಲ್ಲ.