ಏನೂ ಕೇಳದ ಸಂಬಂಧ

ಮದುವೆ ಕೇಂದ್ರ ನಡೆಸುವ ಸರ್ವಮಂಗಳಮ್ಮನವರಿಗೆ ಬಿಟ್ಟಿ ಸಿಗುತ್ತದೆ ಎಂದರೆ ಅನುಮಾನ, ಮೈಯೆಲ್ಲ ಕಣ್ಣು. ಹೊಸದಾಗಿ ತಂದ ಎರಡನೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ತಂತ್ರಾಂಶ ಹಾಕುತ್ತೇನೆ, ಅದಕ್ಕೆ ಕಾಸು ಕೊಡಬೇಕಿಲ್ಲ ಎಂದು ರಿಪೇರಿಯ ಪರಶಿವ ಹೇಳಿದ್ದೇ ತಡ, ಕನ್ನಡಕ ಏರಿಸಿಕೊಂಡರು.

"ಯಾರು ಮಾಡಿದ್ದು ಅದನ್ನ?"

"ಲೋಕದಲ್ಲೆಲ್ಲ ಇರೋ ಜನ ಸೇರಿ ಮಾಡಿದ್ದಮ್ಮ."

"ಅಂದ್ರೆ ಮನೆತನ ಗೊತ್ತಿಲ್ಲ. ನೋಡಪ್ಪಾ, ಏನೂ ಬೇಡ, ಹುಡುಗಿ ಕೊಟ್ರೆ ಸಾಕು ಅಂತ ಗಂಡಿನ ಕಡೆಯೋರು ಅಂದ್ರೆ ನಾನು ಮೊದ್ಲು ಅವ್ರ ಪಕ್ಕದ ಮನೆಯೋರನ್ನ ವಿಚಾರಿಸ್ತೀನಿ. ಎಲ್ಲೋ ಒಂದು ಐಬು ಇದ್ದೇ ಇರುತ್ತೆ. ತಾಳಿ ಕಟ್ಟಿದ ಮೇಲೆ ಕೇಳಿದ್ರೆ, ಮೊದ್ಲೇ ಹೇಳಿದ್ರೆ ನೀವು ಒಪ್ತಿರ್ಲಿಲ್ಲ ಅಂತಾರೆ."

"ಒಂದ್ಸಲ ಬಳಸಿ ನೋಡಿಯಮ್ಮ."

"ಅದೆಲ್ಲ ಕಂಪ್ಯೂಟರ್ ಓದ್ಕೊಂಡೋರಿಗೆ. ನಂಗೆ ಜಾತಕ ಟೈಪ್ ಮಾಡಿ ಫೋಟೋ ಕಳ್ಸೋಕೆ ಬಂದ್ರೆ ಸಾಕು." ಅವರು ತಮ್ಮ ಮೇಜಿನ ಮೇಲಿದ್ದ ಹಳೆಯ ಕಂಪ್ಯೂಟರನ್ನು ಮಗುವಿನಂತೆ ಸವರಿದರು. "ಇದ್ರಲ್ಲಿರೋದನ್ನೇ ಅದಕ್ಕೂ ಹಾಕು. ಯುಗಾದಿಗೆ ನೀನು ರಿಪೇರಿ ಮಾಡಿ ಕೊಟ್ಟ ಮೇಲೆ ಒಂದು ದಿನಾನೂ ಕೈಕೊಟ್ಟಿಲ್ಲ."

ಪರಶಿವ ತಲೆ ಕೆರೆದುಕೊಂಡ.

"ಅದ್ರಲ್ಲಿರೋದೂ ಲಿನಕ್ಸೇ ಅಮ್ಮ. ಮೊದ್ಲೇ ಹೇಳಿದ್ರೆ ನೀವು ಒಪ್ತಿರ್ಲಿಲ್ಲ."