ಅರ್ಧ ಕತ್ತರಿಸಿದ ಕೂದಲು

ಕತ್ತರಿ ಡೊರಿಯಾನಳ ಕೈಯಿಂದ ಜಾರಿ ಟಣ್ಣನೆ ನೆಲಕ್ಕೆ ಬಿತ್ತು. ಕೊರಳತನಕ ಕಪ್ಪು ಬಟ್ಟೆ ಹೊದ್ದು ಕುರ್ಚಿಯಲ್ಲಿ ಕೂತಿದ್ದ ಅವಳ ತಾಯಿ ಫಿಲೊಮೆನಾ ಬೆಚ್ಚಲಿಲ್ಲ. ಎದುರಿನ ಕನ್ನಡಿಯಲ್ಲೇ ಮಗಳ ಬಲಗೈ ನೋಡಿದಳು. ತೋರುಬೆರಳಿನ ಬುಡ ಕೆಂಪಗೆ ಊದಿತ್ತು.

“ಸೂಜಿ ಯಾವಾಗ ಬಿಟ್ಟೆ?”

“ಯಾವ ಸೂಜಿ?”

“ನನ್ನ ಹತ್ರ ನಾಟಕ ಬೇಡ. ಈ ಕಾಯಿಲೆ ನಿನಗಿಂತ ಮೊದಲು ನನ್ನ ಮನೆಗೆ ಬಂದಿದ್ದು.”

ಸೋಮವಾರ ಡೊರಿಯಾನಳ ಪಾರ್ಲರಿಗೆ ರಜೆ. ಆಸ್ಟ್ರೇಲಿಯಾದ ಆ ಮಕಾಯ್ ಪೇಟೆಯ ಗಿರಾಕಿಗಳು ಯಾರೂ ಇಲ್ಲದ ಹೊತ್ತು ನೋಡಿ ಅಮ್ಮನ ಕೂದಲು ಕತ್ತರಿಸುವುದು ರೂಢಿ. ಎಡಗಡೆ ಕಿವಿಯ ಮಟ್ಟಕ್ಕೆ ಚೊಕ್ಕಟವಾಗಿ ಮುಗಿದಿತ್ತು. ಬಲಗಡೆಯದು ಇನ್ನೂ ಹೆಗಲ ಮೇಲೆ ಇಳಿಬಿದ್ದಿತ್ತು. ಮಾತು ಮರೆಸಲು ಡೊರಿಯಾನ ಬಾಚಣಿಗೆ ಎತ್ತಿಕೊಂಡಳು. ಅದನ್ನು ಹಿಡಿಯುವುದಕ್ಕೂ ಬೆರಳು ಒಪ್ಪಲಿಲ್ಲ.

“ಚಳಿಗಾಲದಲ್ಲಿ ನ್ಯುಮೋನಿಯಾ ಆಯ್ತಲ್ಲ ಮಾ, ಆಗ ಡಾಕ್ಟರೇ ನಿಲ್ಲಿಸು ಅಂದ್ರು.”

“ವಾಸಿಯಾದ ಮೇಲೆ?”

“ಮತ್ತೆ ಶುರು ಮಾಡು ಅಂದಿದ್ರು. ಮಾಡಲಿಲ್ಲ. ಒಂದು ಗಂಟೂ ನೋಯ್ತಿರಲಿಲ್ಲ. ಕಾಯಿಲೇನೇ ಇಲ್ಲ ಅಂದ್ಮೇಲೆ ಆ ಔಷಧಿ ಯಾಕೆ? ಅದು ಒಳಗಿನ ಕಾವಲು ನಾಯಿಗೇ ಮಂಪರು ಬರಿಸುತ್ತೆ. ಇಲ್ಲಿ ದಿನಾ ಹತ್ತು ಜನ ನನ್ನ ಮುಖಕ್ಕೇ ಕೆಮ್ತಾರೆ.”

“ನಿನ್ನ ಕಾವಲು ನಾಯಿ ಮನೆಯವರನ್ನೇ ಕಚ್ಚೋ ನಾಯಿ, ಪೆದ್ದಿ. ಅದು ಮಲಗಿದ್ರೇನೇ ನೀನು ಎದ್ದು ಓಡಾಡೋದು.”

ಫಿಲೊಮೆನಾಳಿಗೆ ರುಮಟಾಯ್ಡ್ ಸಂಧಿವಾತ ಹಿಡಿದ ಕಾಲದಲ್ಲಿ ಕಬ್ಬಿನ ಗದ್ದೆಯ ಮನೆಗೆ ಬರುತ್ತಿದ್ದ ಡಾಕ್ಟರ ಚೀಲದಲ್ಲಿ ಇದ್ದದ್ದು ಆಸ್ಪಿರಿನ್. ಆಮೇಲೆ ಬಂಗಾರದ ಲವಣದ ಚುಚ್ಚುಮದ್ದು, ಅದಾದ ಮೇಲೆ ಸ್ಟಿರಾಯ್ಡ್. ನೋವು ಒಂದಿಷ್ಟು ತಗ್ಗಿತು, ಕೈ ಮಾತ್ರ ಉಳಿಯಲಿಲ್ಲ. ಮಗಳ ಸರದಿ ಬರುವಷ್ಟರಲ್ಲಿ ಮೈಯ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಿ ಗಂಟುಗಳನ್ನು ಉಳಿಸುವ ಬಯಾಲಜಿಕ್ ಔಷಧಿಗಳು ಬಂದಿದ್ದವು. ಹದಿನೈದು ದಿನಕ್ಕೊಮ್ಮೆ ಫ್ರಿಜ್ಜಿನಿಂದ ತೆಗೆದು ತೊಡೆಗೆ ತಾನೇ ಚುಚ್ಚಿಕೊಂಡರೆ ಮುಗಿಯಿತು.

“ಆ ಕತ್ತರಿ ಎತ್ತಿಕೊಡು,” ಎಂದಳು ಫಿಲೊಮೆನಾ.

ಡೊರಿಯಾನ ಬಗ್ಗಿ ಎತ್ತಿಕೊಟ್ಟಳು. ಕಪ್ಪು ಬಟ್ಟೆಯ ಅಡಿಯಿಂದ ತಾಯಿಯ ಕೈಗಳು ಹೊರಗೆ ಬಂದವು. ಬೆರಳುಗಳೆಲ್ಲ ಬಿರುಗಾಳಿಗೆ ಮಲಗಿದ ಕಬ್ಬಿನಂತೆ ಒಂದೇ ಕಡೆಗೆ ವಾಲಿದ್ದವು. ಫಿಲೊಮೆನಾ ಹೆಬ್ಬೆರಳನ್ನು ಕತ್ತರಿಯ ಬಳೆಯೊಳಗೆ ತೂರಿಸಲು ನೋಡಿದಳು. ಗಂಟು ಅಡ್ಡ ಬಂತು. ತಿರುಗಿಸಿ ನೋಡಿದಳು, ಎಡಗೈಯಿಂದ ಒತ್ತಿ ನೋಡಿದಳು. ಆಗಲಿಲ್ಲ. ಯಾವ ಅವಸರವೂ ಇಲ್ಲದೆ ಮತ್ತೆ ಮತ್ತೆ ತೂರಿಸುತ್ತಲೇ ಇದ್ದಳು.

“ಸಾಕು, ಮಾ.”

“ನೋಡ್ಕೋ. ಸರಿಯಾಗಿ ನೋಡ್ಕೊಂಡು ಆಮೇಲೆ ಹೇಳು, ಸೂಜಿ ಬೇಡ ಅಂತ.”

ಡೊರಿಯಾನ ಕತ್ತರಿ ಕಿತ್ತುಕೊಂಡು ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿದಳು. ನರ್ಸ್ ಬೈಯಲಿಲ್ಲ. ರಕ್ತ ಪರೀಕ್ಷೆ ಮಾಡಿ, ಎದೆಯ ಎಕ್ಸ್‌ರೇ ನೋಡಿ ಮತ್ತೆ ಶುರು ಮಾಡೋಣ ಎಂದಳು. ಆಮೇಲೆ ಸ್ವಲ್ಪ ತಡೆದು, “ಆದರೆ ಮೊದಲಿನ ಹಾಗೇ ಹಿಡಿಯುತ್ತೆ ಅಂತ ಮಾತು ಕೊಡೋಕಾಗಲ್ಲ. ನಡುವೆ ಬಿಟ್ಟರೆ ಕೆಲವರ ಮೈ ಅದನ್ನ ಮತ್ತೆ ಒಪ್ಪಲ್ಲ,” ಎಂದಳು. ಡೊರಿಯಾನ ಫೋನ್ ಇಟ್ಟು ಕೈತೊಳೆಯುವ ಬೋಗುಣಿಯ ಅಂಚು ಹಿಡಿದು ನಿಂತುಬಿಟ್ಟಳು.

“ಉಳಿದರ್ಧ ಬ್ರೆಂಡಾ ಅಂಗಡೀಲಿ ಕತ್ತರಿಸ್ಕೋ, ಮಾ. ಇವತ್ತು ನನ್ನ ಕೈಲಾಗಲ್ಲ.”

“ಬ್ರೆಂಡಾನಾ? ಅವಳು ಕುರಿಯ ಉಣ್ಣೆ ತೆಗೆದ ಹಾಗೆ ತೆಗೀತಾಳೆ. ನೀನೇ ಕತ್ತರಿಸು, ಕೈ ಸರಿಯಾದಾಗ.”

“ಸರಿಯಾಗದೆ ಹೋದ್ರೆ?”

ಫಿಲೊಮೆನಾ ಕೊರಳಿನ ಕಪ್ಪು ಬಟ್ಟೆ ತೆಗೆದಿಟ್ಟಳು. ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ ತಲೆಯಲ್ಲೇ ಎದ್ದು ಬಸ್ಸಿಗೆ ಹೋದಳು. ಭಾನುವಾರ ಚರ್ಚಿಗೂ ಹಾಗೇ ಹೋದಳು. “ಇದೇನೇ ಫಿಲೊ, ಹೊಸ ಫ್ಯಾಷನ್ನಾ?” ಎಂದು ಯಾರೋ ಕೇಳಿದರೆ, “ಕಂತಿನ ಮೇಲೆ ಮಾಡಿಸ್ಕೊತಿದ್ದೀನಿ,” ಎಂದಳು.

ಔಷಧಿ ಹಿಡಿಯಿತು. ಮೊದಲಿನ ಹುರುಪಿನಲ್ಲಲ್ಲ. ಡೊರಿಯಾನ ಬೆಳಿಗ್ಗೆ ಎದ್ದು ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕಾಯುತ್ತಿದ್ದಳು. ಸೆಖೆಗಾಲ ಬರುವ ಹೊತ್ತಿಗೆ ಊತ ಇಳಿಯಿತು, ಮಡಿಸಿದ ಬೆರಳು ಬಿಚ್ಚಿಕೊಂಡಿತು. ಬುಡದಲ್ಲಿ ಒಂದಿಷ್ಟು ಬಿಗಿ ಮಾತ್ರ ಹಾಗೇ ಉಳಿಯಿತು. ಒಂದು ಸೋಮವಾರ ತಾಯಿಯನ್ನು ಕೂರಿಸಿ ಬಲಗಡೆಯ ಕೂದಲನ್ನು ಮಟ್ಟಕ್ಕೆ ತಂದಳು.

“ನನಗೋಸ್ಕರ ಊರವರ ಬಾಯಿಗೆ ಬಿದ್ದೆಯಲ್ಲ, ಮಾ.”

“ನಿನಗೋಸ್ಕರ ಅಂತ ಯಾರು ಹೇಳಿದ್ದು?” ಎಂದಳು ಫಿಲೊಮೆನಾ. “ಹಿಂದೆ, ಮೊದಲ ಸೂಜಿಗಳಾದ ಮೇಲೆ ಒಂದು ದಿನ ನೀನು ಆಲಿವ್ ಬಾಟಲಿಯ ಮುಚ್ಚಳ ನೀನೇ ತಿರುಗಿಸಿದೆ ನೋಡು. ನಾನು ಚರ್ಚಿಗೆ ಓಡಿದ್ದೆ.”

“ಮೋಂಬತ್ತಿ ಹಚ್ಚೋಕೆ.”

“ದೇವರ ಹತ್ರ ಜಗಳ ಆಡೋಕೆ. ಇವಳಿಗೆ ಕೊಟ್ಟದ್ದನ್ನ ನನಗ್ಯಾಕೆ ಕೊಡಲಿಲ್ಲ ಅಂತ ಬಾಯಿಗೆ ಬಂದ ಹಾಗೆ ಬೈದು ಬಂದೆ. ನಿನ್ನ ಬೆರಳು ನೋಡಿದ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ ಕಣೇ.”

ಫಿಲೊಮೆನಾ ಭುಜದ ಮೇಲೆ ಉದುರಿದ ಬಿಳಿ ಕೂದಲನ್ನು ಮುಂಗೈಯಿಂದ ಕೊಡವಿಕೊಂಡಳು.

“ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು ಪಡೋದು ಎಂಥ ಸುಖ ಅಂತ ನಿನಗೆ ಗೊತ್ತಿಲ್ಲ. ಮತ್ತೆ ಸೂಜಿ ಬಿಟ್ಟು ಅದನ್ನ ನನ್ನಿಂದ ಕಿತ್ಕೋಬೇಡ.”